ನಾಗಸಾಕಿಯ ದುಭಾಷಿಗಳು: ಪರಭಾಷಾಭ್ಯಾಸ, ಉದ್ಯೋಗ ಮತ್ತು ದೇಶಾಟನಗಳ ಚರಿತ್ರೆಯಲ್ಲಿ ಒಂದು ಅಧ್ಯಾಯ

೧

ಪರಭಾಷೆಯೊಂದನ್ನು ಬಲ್ಲವನಿಗೆ ಉದ್ಯೋಗವೂ ದೇಶಾಟನವೂ ಸುಲಭವಾಗಿ ಒದಗುವುವೆಂಬ ಮಾತು ನಮ್ಮ ಕಾಲೇಜುಗಳಲ್ಲಿ ಈಗ ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಜರ್ಮನ್, ಫ್ರೆಂಚ್ ಅಥವಾ ಜಪಾನೀ ಭಾಷೆಯ ತರಗತಿಗೆ ಸೇರಬೇಕೆಂದಿರುವ ವಿದ್ಯಾರ್ಥಿಯು ಅಧ್ಯಾಪಕನನ್ನು ಕೇಳುವ ಮೊದಲ ಪ್ರಶ್ನೆ, ಇದರಿಂದ ಕೆಲಸ ಸಿಕ್ಕುವುದೇ, ಹೊರದೇಶಕ್ಕೆ ಹೋಗಲು ಸಾಧ್ಯವಾಗುವುದೇ ಎಂಬುದು. ಈ ಪ್ರಶ್ನೆಯನ್ನು ಹಗುರವಾಗಿ ಕಾಣುವುದು ಸಲ್ಲದು. ವಿದ್ಯೆಗೂ ಜೀವನೋಪಾಯಕ್ಕೂ ಇರುವ ನಂಟು ಇಂದಿನದಲ್ಲ. ಬಡವರ ಮನೆಯ ಹುಡುಗನಿಗೆ ಅದನ್ನು ಮರೆಯುವ ಸ್ವಾತಂತ್ರ್ಯವೂ ಇಲ್ಲ. ಆದರೆ ಚರಿತ್ರೆಯನ್ನು ಬೋಧಿಸುವವನು ಈ ಪ್ರಶ್ನೆಯನ್ನು ಸ್ವಲ್ಪ ಬದಲಾಯಿಸಿ ಕೇಳಬೇಕಾಗುತ್ತದೆ: ಹಿಂದೆ ಪರಭಾಷೆಯು ಯಾರಿಗೆ ಬಾಗಿಲನ್ನು ತೆರೆಯಿತು? ಅದೇ ಭಾಷೆಯನ್ನು ಬಲ್ಲ ಮತ್ತೊಬ್ಬನಿಗೆ ಅದೇ ಬಾಗಿಲು ಏಕೆ ತೆರೆಯಲಿಲ್ಲ?

ಈ ವಿಚಾರವನ್ನು ಪರೀಕ್ಷಿಸಿ ನೋಡುವುದಕ್ಕೆ ಜಪಾನಿನ ಚರಿತ್ರೆಗಿಂತ ಅನುಕೂಲವಾದ ಕ್ಷೇತ್ರವು ದೊರೆಯುವುದು ಕಷ್ಟ. ಅಲ್ಲಿ ಎರಡು ಶತಮಾನಗಳಿಗೂ ಮೀರಿ ಯೂರೋಪಿನ ಒಂದೇ ಒಂದು ಭಾಷೆ, ಒಂದೇ ಒಂದು ಊರಿನಲ್ಲಿ, ಗೊತ್ತಾದ ಕೆಲವು ಮನೆತನಗಳ ವೃತ್ತಿಯಾಗಿ ಉಳಿದುಬಂದಿತು. ಅನಂತರ ಹತ್ತು ವರ್ಷಗಳೊಳಗಾಗಿ ಆ ಭಾಷೆಯ ಬೆಲೆ ಇಳಿದುಹೋಗಿ, ಮತ್ತೊಂದು ಭಾಷೆ ಅದರ ಸ್ಥಾನಕ್ಕೆ ಬಂದಿತು. ಈ ಬದಲಾವಣೆಯಲ್ಲಿ ಮುಂದೆ ಬಂದವರು ಯಾರು, ಹಿಂದೆ ಉಳಿದವರು ಯಾರು ಎಂಬುದನ್ನು ನೋಡುವುದೇ ಪ್ರಕೃತ ಲೇಖನದ ಉದ್ದೇಶ.

೨

ಪೋರ್ಚುಗೀಸರು ೧೫೪೩ರಲ್ಲಿ ಜಪಾನಿನ ದಕ್ಷಿಣದ ತನೆಗಾಶಿಮಾ ದ್ವೀಪವನ್ನು ಮುಟ್ಟಿದರು. ಅವರ ಹಿಂದೆಯೇ ಪಾದ್ರಿಗಳೂ ವ್ಯಾಪಾರಿಗಳೂ ಬಂದರು. ಹದಿನೇಳನೆಯ ಶತಮಾನದಲ್ಲಿ ತೊಕುಗಾವಾ ಮನೆತನದ ಶೋಗುನ್ ಸರ್ಕಾರವು ಕ್ರೈಸ್ತಮತವನ್ನು ನಿಷೇಧಿಸಿ, ಹೊರಗಿನವರ ಸಂಪರ್ಕವನ್ನು ಕ್ರಮಕ್ರಮವಾಗಿ ಕಡಿಮೆ ಮಾಡಿತು. ಜಪಾನೀಯರು ಹೊರದೇಶಕ್ಕೆ ಹೋಗಬಾರದು, ಹೋದವರು ಹಿಂದಿರುಗಿದರೆ ಮರಣದಂಡನೆ ಎಂಬ ಆಜ್ಞೆ ೧೬೩೫ರಲ್ಲಿ ಹೊರಟಿತು. ೧೬೩೯ರಲ್ಲಿ ಪೋರ್ಚುಗೀಸರು ಹೊರದೂಡಲ್ಪಟ್ಟರು. ಯೂರೋಪಿಯನರ ಪೈಕಿ ಉಳಿದವರು ಡಚ್ಚರು ಮಾತ್ರ. ಅವರನ್ನು ೧೬೪೧ರಲ್ಲಿ ನಾಗಸಾಕಿಯ ರೇವಿನಲ್ಲಿದ್ದ ದೆಜಿಮಾ ಎಂಬ ಕೃತಕ ದ್ವೀಪಕ್ಕೆ ಸಾಗಿಸಲಾಯಿತು. ಬೀಸಣಿಗೆಯ ಆಕಾರದ ಆ ಪುಟ್ಟ ನೆಲವನ್ನು ಊರಿಗೆ ಸೇರಿಸುತ್ತಿದ್ದುದು ಒಂದೇ ಸೇತುವೆ, ಅದಕ್ಕೆ ಸದಾ ಕಾವಲು.

ಜಪಾನು ಆಗ ಸಂಪೂರ್ಣವಾಗಿ ಮುಚ್ಚಿಹೋಗಿತ್ತೆಂದು ಹೇಳುವುದು ವಾಡಿಕೆಯಾದರೂ ಸರಿಯಲ್ಲ. ಚೀನೀ ವ್ಯಾಪಾರಿಗಳು ನಾಗಸಾಕಿಗೆ ಬರುತ್ತಲೇ ಇದ್ದರು. ತ್ಸುಶಿಮಾ ದ್ವೀಪದ ಮೂಲಕ ಕೊರಿಯದೊಡನೆಯೂ, ಸಾತ್ಸುಮಾ ಸಂಸ್ಥಾನದ ಮೂಲಕ ರ್‍ಯೂಕ್ಯೂ ದ್ವೀಪಗಳೊಡನೆಯೂ ವ್ಯವಹಾರ ನಡೆಯುತ್ತಿದ್ದಿತು. ಆದರೆ ಯೂರೋಪಿನ ಮಟ್ಟಿಗೆ ಇದ್ದ ಬಾಗಿಲು ದೆಜಿಮಾ ಒಂದೇ. ಆ ಬಾಗಿಲನ್ನು ಕಾಯುತ್ತಿದ್ದವರು ತ್ಸೂಜಿ ಎಂಬ ಹೆಸರಿನ ದುಭಾಷಿಗಳು.

ನಮ್ಮ ಕೋರಮಂಡಲ ತೀರದ ದುಭಾಷಿಗಳ ಹೆಸರನ್ನು ಕೇಳಿರುವ ಓದುಗರಿಗೆ ಇವರ ಸ್ಥಿತಿಯನ್ನು ಊಹಿಸಿಕೊಳ್ಳುವುದು ಕಷ್ಟವಾಗಲಾರದು. ಆದರೆ ಒಂದು ಮುಖ್ಯವಾದ ಭೇದವುಂಟು. ನಮ್ಮಲ್ಲಿ ದುಭಾಷಿಯು ಕಂಪನಿಯ ವರ್ತಕನ ಆಶ್ರಿತನಾಗಿ, ತಾನೇ ವ್ಯಾಪಾರವನ್ನೂ ನಡೆಸಿ ಶ್ರೀಮಂತನಾಗಬಹುದಾಗಿದ್ದಿತು. ನಾಗಸಾಕಿಯ ತ್ಸೂಜಿಯಾದರೋ ಜಪಾನೀ ಆಡಳಿತದ ನೌಕರ. ಅವನ ಪದವಿ ವಂಶಪಾರಂಪರ್ಯವಾದುದು. ಹಿರಿಯ ದುಭಾಷಿ, ಕಿರಿಯ ದುಭಾಷಿ, ಅಭ್ಯಾಸಿ ದುಭಾಷಿ ಎಂದು ಅವರಲ್ಲಿ ಅಂತಸ್ತುಗಳಿದ್ದುವು. ಮೊತೊಕಿ, ನಿಶಿ, ಯೊಶಿಯೊ, ನರಬಯಾಶಿ ಮೊದಲಾದ ಮನೆತನಗಳಲ್ಲಿ ಮಗನು ತಂದೆಯಿಂದ ಡಚ್ ಭಾಷೆಯನ್ನು ಕಲಿತು, ಬಾಲ್ಯದಲ್ಲಿಯೇ ಅಭ್ಯಾಸಿಯಾಗಿ ಸೇರಿಕೊಳ್ಳುತ್ತಿದ್ದನು. ಸರಕಿನ ಪಟ್ಟಿಯನ್ನು ಭಾಷಾಂತರಿಸುವುದು, ಡಚ್ಚರ ಮೇಲೆ ಕಣ್ಣಿಟ್ಟಿರುವುದು, ಹಡಗು ಬಂದಾಗ ಅದರೊಡನೆ ಬಂದ ಲೋಕವಾರ್ತೆಯನ್ನು ಜಪಾನಿಗೆ ತಿರುಗಿಸಿ ರಾಜಧಾನಿಗೆ ಕಳುಹಿಸುವುದು, ಇವು ಅವರ ಕರ್ತವ್ಯಗಳು. ಯೂರೋಪಿನ ಯುದ್ಧ, ಸಂಧಿ, ಪಟ್ಟಾಭಿಷೇಕಗಳ ಸುದ್ದಿ ಜಪಾನಿನಲ್ಲಿ ಮೊದಲು ಮುಟ್ಟುತ್ತಿದ್ದುದು ಇವರ ಕಿವಿಯನ್ನೇ.

ಇಂಥ ಜನರಿಗೆ ಭಾಷೆಯು ಉದ್ಯೋಗವನ್ನು ಕೊಟ್ಟಿತೆಂಬುದರಲ್ಲಿ ಸಂದೇಹವಿಲ್ಲ. ದೇಶಾಟನವನ್ನು ಕೊಟ್ಟಿತೇ? ದೆಜಿಮಾದ ಡಚ್ ಮುಖ್ಯಾಧಿಕಾರಿಯು ಎದೊ ನಗರಕ್ಕೆ, ಎಂದರೆ ಇಂದಿನ ಟೋಕಿಯೋಗೆ, ಶೋಗುನನ ದರ್ಶನಕ್ಕಾಗಿ ೧೭೯೦ರ ವರೆಗೆ ಪ್ರತಿವರ್ಷವೂ, ಆಮೇಲೆ ನಾಲ್ಕು ವರ್ಷಗಳಿಗೊಮ್ಮೆಯೂ ಹೋಗುತ್ತಿದ್ದನು. ದುಭಾಷಿಗಳು ಅವನೊಡನೆ ಪ್ರಯಾಣ ಮಾಡುತ್ತಿದ್ದರು. ಭಾಷೆಯು ಅವರಿಗೆ ದೊರಕಿಸಿದ ಯಾತ್ರೆ ಅಷ್ಟೇ. ಹುಟ್ಟಿನಿಂದ ಸಾವಿನವರೆಗೆ ಡಚ್ ನುಡಿಯನ್ನಾಡಿದ ಈ ಮನೆತನಗಳಲ್ಲಿ, ಆ ಇನ್ನೂರು ವರ್ಷಗಳಲ್ಲಿ ಒಬ್ಬನಿಗಾದರೂ ಹಾಲೆಂಡನ್ನು ಕಾಣುವ ಹಕ್ಕು ಇರಲಿಲ್ಲ. ಬಾಗಿಲನ್ನು ಕಾಯುವವನೇ ಹೊಸ್ತಿಲನ್ನು ದಾಟಬಾರದೆಂದು ಕಟ್ಟಳೆಯಾಗಿದ್ದಿತು.

೩

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಈ ಮನೆತನಗಳ ಹೊರಗಿನವರು ಡಚ್ ಭಾಷೆಗೆ ಕೈಹಾಕಿದರು. ಅವರು ವೈದ್ಯರು, ಅವರಿಗೆ ಬೇಕಾಗಿದ್ದುದು ದುಭಾಷಿಯ ಪದವಿಯಲ್ಲ. ೧೭೭೧ರಲ್ಲಿ ಎದೊ ನಗರದ ವಧಾಸ್ಥಾನವೊಂದರಲ್ಲಿ ನಡೆದ ಶವಚ್ಛೇದನವನ್ನು ನೋಡಲು ಸುಗಿತಾ ಗೆಂಪಾಕು, ಮಾಯೆನೊ ರ್‍ಯೋತಾಕು ಮೊದಲಾದವರು ಹೋದರು. ಅವರ ಕೈಯಲ್ಲಿ ಜರ್ಮನ್ ವೈದ್ಯ ಕುಲ್ಮುಸನ ಶರೀರರಚನಾ ಗ್ರಂಥದ ಡಚ್ ಭಾಷಾಂತರವಿದ್ದಿತು. ಕಣ್ಣೆದುರಿಗಿದ್ದ ದೇಹವು ಪುಸ್ತಕದ ಚಿತ್ರಗಳೊಡನೆ ಹೊಂದಿಕೊಂಡಿತು; ಪರಂಪರೆಯಿಂದ ಬಂದ ಚೀನೀ ವೈದ್ಯಗ್ರಂಥಗಳ ವರ್ಣನೆಯೊಡನೆ ಹೊಂದಲಿಲ್ಲ. ಮರುದಿನದಿಂದಲೇ ಅವರು ಆ ಗ್ರಂಥವನ್ನು ಜಪಾನಿಗೆ ತರಲು ಉಪಕ್ರಮಿಸಿದರು. ಸುಗಿತನಿಗೆ ಆಗ ಡಚ್ ಅಕ್ಷರಗಳೂ ಸರಿಯಾಗಿ ಬರುತ್ತಿರಲಿಲ್ಲ. ಮಾಯೆನೊ ನಾಗಸಾಕಿಗೆ ಹೋಗಿ ಕೆಲವು ಶಬ್ದಗಳನ್ನು ಕಲಿತುಬಂದಿದ್ದನು. ಉಪಯುಕ್ತವಾದ ನಿಘಂಟು ಇಲ್ಲದೆ, ಒಂದು ವಾಕ್ಯಕ್ಕೆ ಒಂದು ದಿನವನ್ನೇ ಕಳೆದು, ಮೂರು ವರ್ಷಗಳ ದುಡಿಮೆಯ ಮೇಲೆ ೧೭೭೪ರಲ್ಲಿ ಅವರು ‘ಕಾಯಿತಾಯಿ ಶಿಂಶೊ’ ಎಂಬ ಶರೀರಶಾಸ್ತ್ರದ ಹೊಸ ಗ್ರಂಥವನ್ನು ಪ್ರಕಟಿಸಿದರು. ಡಚ್ ವಿದ್ಯೆ ಎಂಬ ಶಾಸ್ತ್ರಪರಂಪರೆ ಬೆಳೆದುದು ಇಲ್ಲಿಂದ.

ಸುಗಿತನು ತನ್ನ ವೃದ್ಧಾಪ್ಯದಲ್ಲಿ, ೧೮೧೫ರಲ್ಲಿ, ಬರೆದ ಸ್ಮರಣೆಗಳಲ್ಲಿ ಹಿಂದಿನ ನಾಗಸಾಕಿಯ ದುಭಾಷಿಗಳು ಮಾತನಾಡಬಲ್ಲವರೇ ಹೊರತು ಗ್ರಂಥಗಳನ್ನು ಓದಬಲ್ಲವರಾಗಿರಲಿಲ್ಲವೆಂಬಂತೆ ಹೇಳುತ್ತಾನೆ. ಇದು ಅತ್ಯುಕ್ತಿಯೆಂಬುದು ಅನಂತರದ ವಿದ್ವಾಂಸರ ಅಭಿಪ್ರಾಯ, ಒಪ್ಪತಕ್ಕುದೂ ಅಹುದು. ಸುಗಿತನ ಗ್ರಂಥಕ್ಕೇ ಮುನ್ನುಡಿಯನ್ನು ಬರೆದವನು ಯೊಶಿಯೊ ಮನೆತನದ ಹಿರಿಯ ದುಭಾಷಿ. ಇನ್ನೂ ಗಮನಾರ್ಹನಾದವನು ಶಿಜುಕಿ ತದಾವೊ. ದುಭಾಷಿಯ ಮನೆತನಕ್ಕೆ ಸೇರಿದ ಇವನು ಎಳೆಯ ವಯಸ್ಸಿನಲ್ಲಿಯೇ ಅನಾರೋಗ್ಯದ ಕಾರಣವನ್ನು ಹೇಳಿ ಪದವಿಯನ್ನು ತ್ಯಜಿಸಿ, ಓದು ಬರಹಗಳಲ್ಲಿಯೇ ಆಯುಷ್ಯವನ್ನು ಕಳೆದನು. ನ್ಯೂಟನ್ನನ ಭೌತಶಾಸ್ತ್ರವನ್ನು ಕುರಿತ ಕೀಲ್ ಎಂಬವನ ಗ್ರಂಥವನ್ನು ಡಚ್ ಭಾಷೆಯ ಮೂಲಕ ಜಪಾನಿಗೆ ತಂದು, ಆಕರ್ಷಣಶಕ್ತಿ ಮೊದಲಾದ ಭಾವಗಳಿಗೆ ಹೊಸ ಪದಗಳನ್ನು ಟಂಕಿಸಿದನು. ‘ಸಾಕೊಕು’, ಎಂದರೆ ಬೀಗ ಹಾಕಿದ ದೇಶ, ಎಂಬ ಪ್ರಸಿದ್ಧವಾದ ಪದವೂ ೧೮೦೧ರಲ್ಲಿ ಅವನು ಮಾಡಿದ ಭಾಷಾಂತರವೊಂದರಿಂದಲೇ ಹುಟ್ಟಿದುದು. ತನ್ನ ದೇಶಕ್ಕೆ ಬೀಗ ಬಿದ್ದಿದೆಯೆಂಬುದನ್ನು ಹೇಳುವ ಮಾತು ಕೂಡ ಜಪಾನೀಯರಿಗೆ ಪರಭಾಷೆಯ ಓದಿನಿಂದ ದೊರೆತಿತು. ಅದನ್ನು ಕೊಟ್ಟವನು ಉದ್ಯೋಗದಲ್ಲಿದ್ದ ದುಭಾಷಿಯಲ್ಲ, ಉದ್ಯೋಗವನ್ನು ಬಿಟ್ಟ ದುಭಾಷಿ.

೪

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಡಚ್ ವಿದ್ಯೆಯ ಅತ್ಯಂತ ಜೀವಂತವಾದ ಕೇಂದ್ರವಾಗಿದ್ದುದು ಒಸಾಕಾ ನಗರದ ಒಂದು ಮನೆ. ವೈದ್ಯನಾದ ಒಗಾತಾ ಕೋಆನ್ ಎಂಬವನು ೧೮೩೮ರಲ್ಲಿ ಸ್ಥಾಪಿಸಿದ ಈ ‘ತೆಕಿಜುಕು’ ಪಾಠಶಾಲೆಯ ಪ್ರವೇಶಪತ್ರದಲ್ಲಿ ಆರುನೂರಕ್ಕೂ ಮೇಲ್ಪಟ್ಟು ಹೆಸರುಗಳಿವೆ. ಇಲ್ಲಿಗೆ ೧೮೫೫ರಲ್ಲಿ ಬಂದು ಸೇರಿದ ವಿದ್ಯಾರ್ಥಿಗಳಲ್ಲೊಬ್ಬನು ಫುಕುಜಾವಾ ಯುಕಿಚಿ.

ಫುಕುಜಾವನು ೧೮೩೫ರಲ್ಲಿ ನಕಾತ್ಸು ಸಂಸ್ಥಾನದ ಕೆಳದರ್ಜೆಯ ಸಾಮುರಾಯಿಯೊಬ್ಬನ ಕಿರಿಯ ಮಗನಾಗಿ ಹುಟ್ಟಿದನು. ಹಸುಗೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡನು. ತಂದೆ ಚೀನೀ ಶಾಸ್ತ್ರಗಳಲ್ಲಿ ಪಂಡಿತ; ಆದರೆ ಹುಟ್ಟಿದ ಅಂತಸ್ತನ್ನು ಮೀರಲಾರದೆ ಲೆಕ್ಕಪತ್ರದ ಚಿಲ್ಲರೆ ಕೆಲಸದಲ್ಲಿಯೇ ಸವೆದವನು. ಈ ಮಗನನ್ನು ಬೌದ್ಧ ಸನ್ಯಾಸಿಯನ್ನಾಗಿ ಮಾಡಬೇಕೆಂಬುದು ಅವನ ಆಸೆಯಾಗಿತ್ತಂತೆ. ಅದು ಭಕ್ತಿಯಿಂದಲ್ಲ, ಕುಲದ ತಡೆಯಿಲ್ಲದೆ ಮೇಲೇರಬಹುದಾಗಿದ್ದ ದಾರಿ ಆ ಸಮಾಜದಲ್ಲಿ ಅದೊಂದೇ ಆಗಿದ್ದಿತು. ಇದನ್ನು ಫುಕುಜಾವನು ತನ್ನ ಆತ್ಮಕಥೆಯಲ್ಲಿ ನೋವಿನಿಂದ ನೆನೆಯುತ್ತಾನೆ. ೧೮೫೪ರಲ್ಲಿ ಅವನು ನಾಗಸಾಕಿಗೆ ಹೊರಟುದು ಫಿರಂಗಿ ವಿದ್ಯೆಯ ಪುಸ್ತಕಗಳನ್ನು ಓದಲು ಡಚ್ ಕಲಿಯಬೇಕೆಂಬ ನೆವದಿಂದ. ನಿಜವಾದ ಕಾರಣ, ಉಸಿರು ಕಟ್ಟಿಸುತ್ತಿದ್ದ ಊರನ್ನು ಹೇಗಾದರೂ ಬಿಟ್ಟುಹೋಗುವುದು. ಪರಭಾಷೆಯನ್ನು ಕಲಿಯುವುದರಲ್ಲಿ ಬಿಡುಗಡೆಯ ಆಸೆ ಇರಬಾರದೆಂದು ಹೇಳುವ ಹಿರಿಯರು ಈ ಸಂಗತಿಯನ್ನು ನೆನೆಯಬೇಕು.

ತೆಕಿಜುಕುವಿನ ಜೀವನವನ್ನು ಅವನು ವಿವರವಾಗಿ ಚಿತ್ರಿಸಿದ್ದಾನೆ. ಅಲ್ಲಿದ್ದ ಡಚ್ ಪುಸ್ತಕಗಳು ಹತ್ತರ ಸುಮಾರು. ದೆಜಿಮಾದ ಮುಖ್ಯಾಧಿಕಾರಿಯಾಗಿದ್ದ ದೂಫ್ ಎಂಬವನು ದುಭಾಷಿಗಳ ಸಹಾಯದಿಂದ ಸಿದ್ಧಪಡಿಸಿದ್ದ ಡಚ್–ಜಪಾನೀ ನಿಘಂಟಿನ ಒಂದೇ ಹಸ್ತಪ್ರತಿ ಇದ್ದಿತು; ಅದಕ್ಕೆ ಪ್ರತ್ಯೇಕವಾದ ಕೋಣೆ. ತಿಂಗಳಿಗೆ ಆರು ಬಾರಿ ನಡೆಯುವ ಓದಿನ ಪರೀಕ್ಷೆಯ ಹಿಂದಿನ ರಾತ್ರಿ ಆ ಕೋಣೆಯಲ್ಲಿ ದೀಪ ಆರುತ್ತಿರಲಿಲ್ಲ. ಬಡ ವಿದ್ಯಾರ್ಥಿಗಳು ಸಂಸ್ಥಾನಾಧಿಪತಿಗಳಿಗಾಗಿ ಈ ನಿಘಂಟಿನ ಪ್ರತಿ ಮಾಡಿಕೊಟ್ಟು ಊಟದ ಖರ್ಚನ್ನು ಸಂಪಾದಿಸುತ್ತಿದ್ದರು. ಒಮ್ಮೆ ಒಬ್ಬ ಪ್ರಭುವಿನ ಬಳಿಯಿದ್ದ ಹೊಸ ಭೌತಶಾಸ್ತ್ರದ ಗ್ರಂಥವು ಗುರುವಿಗೆ ಕೆಲವು ದಿನಗಳ ಮಟ್ಟಿಗೆ ಎರವಲಾಗಿ ದೊರೆತಾಗ, ವಿದ್ಯಾರ್ಥಿಗಳು ಸರದಿಯಲ್ಲಿ ಹಗಲಿರುಳೂ ಕುಳಿತು, ಒಬ್ಬನು ಓದಿ ಹೇಳುತ್ತಿರಲು ಮತ್ತೊಬ್ಬನು ಬರೆದುಕೊಂಡು, ವಿದ್ಯುಚ್ಛಕ್ತಿಯನ್ನು ಕುರಿತ ಭಾಗವನ್ನೆಲ್ಲ ನಕಲು ಮಾಡಿದರು.

ಇವರಿಗೆ ಇದರಿಂದ ದೊರೆಯಬಹುದಾಗಿದ್ದ ಉದ್ಯೋಗವಾವುದು? ನಮ್ಮ ವಿಷಯಕ್ಕೆ ಅತಿ ಮುಖ್ಯವಾದ ಸಂಗತಿಯನ್ನು ಫುಕುಜಾವನೇ ಇಲ್ಲಿ ತಿಳಿಸುತ್ತಾನೆ. ಎದೊ ನಗರದಲ್ಲಿ ಡಚ್ ಬಲ್ಲವನಿಗೆ ಬೇಡಿಕೆಯಿದ್ದಿತು. ಪ್ರಭುಗಳು ಭಾಷಾಂತರಕ್ಕೆ ಹಣ ಕೊಡುತ್ತಿದ್ದರು, ಕೆಲಸಕ್ಕೂ ಕರೆಯುತ್ತಿದ್ದರು. ವ್ಯಾಪಾರದ ನಗರವಾದ ಒಸಾಕಾದಲ್ಲಿ ಅಂಥದೇನೂ ಇರಲಿಲ್ಲ. ಆದುದರಿಂದಲೇ ಅಲ್ಲಿಯ ವಿದ್ಯಾರ್ಥಿಗಳು ಫಲವನ್ನು ಎಣಿಸದೆ, ಕಷ್ಟವಾದ ಪುಸ್ತಕವೆಂಬ ಒಂದೇ ಕಾರಣಕ್ಕಾಗಿ ಕಷ್ಟವಾದ ಪುಸ್ತಕವನ್ನು ಓದಿದರು. ಆದುದರಿಂದಲೇ ಎದೊ ನಗರದವರಿಗಿಂತ ಆಳವಾಗಿಯೂ ಕಲಿತರು ಎಂಬುದು ಅವನ ವಾದ. ಇದರಲ್ಲಿ ಹಳೆಯ ವಿದ್ಯಾರ್ಥಿಯ ಅಭಿಮಾನ ಸ್ವಲ್ಪ ಸೇರಿರಬಹುದು. ಆದರೆ ಮುಂದೆ ನಡೆದುದು ಅವನ ಮಾತನ್ನು ಬಹುಮಟ್ಟಿಗೆ ಸಮರ್ಥಿಸುತ್ತದೆ.

೫

೧೮೦೮ರಲ್ಲಿ ಫೀಟನ್ ಎಂಬ ಇಂಗ್ಲಿಷ್ ಯುದ್ಧನೌಕೆ ಡಚ್ ಬಾವುಟವನ್ನು ಹಾರಿಸಿಕೊಂಡು ನಾಗಸಾಕಿಯ ರೇವನ್ನು ಹೊಕ್ಕು ಗಾಬರಿ ಹುಟ್ಟಿಸಿದ್ದಿತು. ಅದರ ಪರಿಣಾಮವಾಗಿ ದುಭಾಷಿಗಳು ಇಂಗ್ಲಿಷನ್ನೂ ಕಲಿಯಬೇಕೆಂದು ಆಜ್ಞೆಯಾಯಿತು. ಕಲಿಸಿದವನು ದೆಜಿಮಾದ ಒಬ್ಬ ಡಚ್ ಅಧಿಕಾರಿ. ೧೮೧೪ರಲ್ಲಿ ಮೊತೊಕಿ ಮನೆತನದ ದುಭಾಷಿಯ ನೇತೃತ್ವದಲ್ಲಿ ಒಂದು ಇಂಗ್ಲಿಷ್–ಜಪಾನೀ ನಿಘಂಟು ಸಿದ್ಧವಾಯಿತು. ೧೮೪೮ರಲ್ಲಿ ರಾನಲ್ಡ್ ಮ್ಯಾಕ್‌ಡೊನಾಲ್ಡ್ ಎಂಬ ಸಾಹಸಿ ತಾನಾಗಿಯೇ ದೋಣಿಯಲ್ಲಿ ಉತ್ತರ ಜಪಾನಿನ ದಡವನ್ನು ಸೇರಿ ಬಂದಿಯಾದನು. ಅವನ ತಂದೆ ಸ್ಕಾಟ್ಲೆಂಡಿನವನು, ತಾಯಿ ಅಮೆರಿಕದ ಚಿನೂಕ್ ಬುಡಕಟ್ಟಿನವಳು. ನಾಗಸಾಕಿಯಲ್ಲಿ ಸೆರೆಯಲ್ಲಿದ್ದ ಅವನಿಂದ ಹದಿನಾಲ್ಕು ಮಂದಿ ದುಭಾಷಿಗಳು ಜಾಲಂಧ್ರದ ಈಚೆಗೆ ಕುಳಿತು ಇಂಗ್ಲಿಷ್ ಉಚ್ಚಾರಣೆಯನ್ನು ಕಲಿತರು. ಅವರಲ್ಲಿ ಮೊರಿಯಾಮಾ ಎಂಬವನು ಮುಂದೆ ಪ್ರಸಿದ್ಧನಾದನು.

೧೮೫೩ರಲ್ಲಿ ಅಮೆರಿಕದ ಪೆರಿಯು ಯುದ್ಧನೌಕೆಗಳೊಡನೆ ಉರಾಗಾ ಬಳಿ ಬಂದು ನಿಂತಾಗ, ದೋಣಿಯಲ್ಲಿ ಹೋದ ದುಭಾಷಿ ಹೊರಿ ತತ್ಸುನೊಸುಕೆ ಇಂಗ್ಲಿಷಿನಲ್ಲಿ ಕೂಗಿ ಹೇಳಿದುದು ತನಗೆ ಡಚ್ ಬರುವುದೆಂಬುದನ್ನು. ಮಾತುಕತೆಗಳು ಡಚ್ ಭಾಷೆಯ ಮೂಲಕವೇ ನಡೆದುವು. ೧೮೫೪ರ ಕನಗಾವಾ ಒಪ್ಪಂದದ ಇಂಗ್ಲಿಷ್ ಪ್ರತಿಯು ಎರಡರಲ್ಲಿ ಯಾವುದಾದರೊಂದು ಸರ್ಕಾರಕ್ಕೆ ಅಗತ್ಯವೆಂದು ತೋರಿದರೆ ಕಾನ್ಸಲನನ್ನು ನೇಮಿಸಬಹುದೆಂದು ಹೇಳಿದರೆ, ಜಪಾನೀಯರು ಎರಡು ಸರ್ಕಾರಗಳೂ ಒಪ್ಪಬೇಕೆಂದು ಗ್ರಹಿಸಿದ್ದರು. ೧೮೫೬ರಲ್ಲಿ ಹ್ಯಾರಿಸ್ ಎಂಬ ಕಾನ್ಸಲನು ಬಂದಿಳಿದಾಗ ಅವರಿಗೆ ಆಶ್ಚರ್ಯವಾಯಿತು. ಒಂದು ಶಬ್ದದ ಭಾಷಾಂತರವು ರಾಜ್ಯದ ಹಣೆಬರಹವನ್ನು ಎಷ್ಟರ ಮಟ್ಟಿಗೆ ತಿದ್ದಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಹ್ಯಾರಿಸನೊಡನೆ ಬಂದ ಕಾರ್ಯದರ್ಶಿ ಹ್ಯೂಸ್ಕೆನ್. ಆಮ್‌ಸ್ಟರ್ಡಾಮಿನಲ್ಲಿ ಹುಟ್ಟಿ, ಬಡವನಾಗಿ ಅಮೆರಿಕಕ್ಕೆ ವಲಸೆ ಹೋಗಿದ್ದ ಈ ಯುವಕನಿಗೆ ಅಲ್ಲಿ ಬೆಲೆಯಿಲ್ಲದಿದ್ದ ತಾಯ್ನುಡಿಯೇ ಜಪಾನಿನ ದೌತ್ಯದಲ್ಲಿ ಕೆಲಸವನ್ನು ದೊರಕಿಸಿತು. ೧೮೫೮ರ ಅಮೆರಿಕದ ಒಪ್ಪಂದದಲ್ಲಿ ಡಚ್ ಪ್ರತಿಯನ್ನೇ ಮೂಲವೆಂದು ಗಣಿಸತಕ್ಕುದೆಂದು ಬರೆಯಲಾಯಿತು. ಆದರೆ ಅದೇ ವರ್ಷದ ಬ್ರಿಟಿಷ್ ಒಪ್ಪಂದದಲ್ಲಿ, ಬ್ರಿಟನ್ನಿನ ಅಧಿಕೃತ ಪತ್ರಗಳು ಇಂಗ್ಲಿಷಿನಲ್ಲಿರತಕ್ಕುವು, ಐದು ವರ್ಷಗಳ ಕಾಲ ಮಾತ್ರ ಡಚ್ ಅಥವಾ ಜಪಾನೀ ಭಾಷಾಂತರವು ಜೊತೆಯಲ್ಲಿ ಬರುವುದೆಂದು ಕರಾರಾಯಿತು. ಡಚ್ ಭಾಷೆಯ ಆಯುಷ್ಯವನ್ನು ಹೀಗೆ ಕಾಗದದ ಮೇಲೆಯೇ ಬರೆದಿಟ್ಟಂತಾಯಿತು.

ಫುಕುಜಾವನು ೧೮೫೮ರಲ್ಲಿ ತನ್ನ ಸಂಸ್ಥಾನದ ಅಪ್ಪಣೆಯಂತೆ ಎದೊ ನಗರಕ್ಕೆ ಬಂದು ಡಚ್ ಪಾಠಶಾಲೆಯನ್ನು ತೆರೆದಿದ್ದನು. ಮರುವರ್ಷ ಹೊಸದಾಗಿ ವಿದೇಶೀಯರಿಗೆ ತೆರೆಯಲ್ಪಟ್ಟ ಯೋಕೊಹಾಮಾ ರೇವನ್ನು ನೋಡಲು ರಾತ್ರಿಯೆಲ್ಲ ನಡೆದು ಹೋದನು. ಅಂಗಡಿಗಳ ಹಲಗೆಗಳನ್ನೂ ಸೀಸೆಗಳ ಚೀಟಿಗಳನ್ನೂ ಓದಲಾರದೆ ಹೋದನು. ಅವನ ಮಾತು ಯಾರಿಗೂ ತಿಳಿಯಲಿಲ್ಲ. ಬರೆದು ತೋರಿಸಿದ ಡಚ್ಚನ್ನು ಅರ್ಥ ಮಾಡಿಕೊಂಡವನು ಒಬ್ಬ ಜರ್ಮನ್ ವ್ಯಾಪಾರಿ ಮಾತ್ರ. ಹಗಲಿರುಳು ದುಡಿದು ಕಲಿತ ವಿದ್ಯೆ ಒಂದು ದಿನದಲ್ಲಿ ಹಳೆಯ ನಾಣ್ಯವಾಯಿತೆಂದು ಅವನು ಕುಗ್ಗಿಹೋದನು. ಆದರೆ ಮರುದಿನವೇ ಇಂಗ್ಲಿಷ್ ಕಲಿಯಲು ನಿಶ್ಚಯಿಸಿದನು.

ದುಭಾಷಿ ಮೊರಿಯಾಮನ ಮನೆಗೆ ಪಾಠಕ್ಕಾಗಿ ದೂರದಿಂದ ದಿನವೂ ನಡೆದುಹೋದರೆ, ಸಂಧಿಗಳ ಕೆಲಸದಲ್ಲಿ ಮುಳುಗಿದ್ದ ಅವನಿಗೆ ಪುರಸತ್ತಿಲ್ಲ. ಸರ್ಕಾರದ ಭಾಷಾಂತರಶಾಲೆಯಲ್ಲಿ ನಿಘಂಟನ್ನು ಮನೆಗೆ ಒಯ್ಯಲು ಅಪ್ಪಣೆಯಿಲ್ಲ. ಕಡೆಗೆ ಸಂಸ್ಥಾನದ ಹಣದಿಂದ ಇಂಗ್ಲಿಷ್–ಡಚ್ ನಿಘಂಟೊಂದನ್ನು ಕೊಂಡನು. ಜೊತೆಗೆ ಕಲಿಯಲು ಹಳೆಯ ಸ್ನೇಹಿತರನ್ನು ಕರೆದಾಗ ಮುರಾತಾ ಎಂಬವನು ಒಪ್ಪಲಿಲ್ಲ. ಬೇಕಾದ ಗ್ರಂಥಗಳನ್ನು ಡಚ್ಚರೇ ಭಾಷಾಂತರಿಸುವರು, ಹೊಸ ಭಾಷೆಯ ಶ್ರಮವೇಕೆ ಎಂಬುದು ಅವನ ತರ್ಕ. ಇಂಗ್ಲಿಷನ್ನು ಓದತೊಡಗಿದ ಮೇಲೆ ಫುಕುಜಾವನಿಗೆ ತಿಳಿದುಬಂದುದು ಬೇರೆ. ಎರಡು ಭಾಷೆಗಳ ವ್ಯಾಕರಣವೂ ಸೋದರ ಸಂಬಂಧದ್ದು. ಕಲಿತುದು ಒಂದೂ ವ್ಯರ್ಥವಾಗಿರಲಿಲ್ಲ. ಮುಂದೆ ಶೋಗುನನ ವಿದೇಶಾಂಗ ಕಚೇರಿಯಲ್ಲಿ ಭಾಷಾಂತರಕಾರನಾದಾಗ, ಪರದೇಶದ ಮಂತ್ರಿಗಳ ಪತ್ರಗಳೊಡನೆ ಬರುತ್ತಿದ್ದ ಡಚ್ ಪ್ರತಿಯನ್ನು ಮುಚ್ಚಿಟ್ಟು, ಇಂಗ್ಲಿಷ್ ಪ್ರತಿಯನ್ನೇ ಓದಲು ಯತ್ನಿಸಿ, ಆಮೇಲೆ ಹೋಲಿಸಿ ನೋಡುತ್ತಿದ್ದನು. ಸಂಧಿಯು ಡಚ್ ಭಾಷೆಗೆ ಕೊಟ್ಟ ಐದು ವರ್ಷಗಳ ಅವಧಿ ಅವನ ಪಾಲಿಗೆ ಪಾಠಶಾಲೆಯಾಯಿತು.

೬

೧೮೬೦ರಲ್ಲಿ ಕಾನ್ರಿನ್ ಮಾರು ಎಂಬ ಹಡಗು ಅಮೆರಿಕಕ್ಕೆ ಹೊರಟಿತು. ಹಾಲೆಂಡಿನಲ್ಲಿ ಕಟ್ಟಿಸಿದ ಈ ಹಡಗಿನಲ್ಲಿ ಫುಕುಜಾವನಿಗೆ ದುಭಾಷಿಯ ಸ್ಥಾನವೇನೂ ಇರಲಿಲ್ಲ. ಡಚ್ ವಿದ್ಯೆಯ ವೈದ್ಯಮನೆತನವೊಂದರ ಶಿಫಾರಸನ್ನು ಹಿಡಿದು, ನೌಕಾಧಿಕಾರಿ ಕಿಮುರನ ಸೇವಕನಾಗಿ ತಾನೇ ಕೇಳಿಕೊಂಡು ಹೋದನು. ಮೂವತ್ತೇಳು ದಿನಗಳ ಯಾನದ ನಂತರ ಸ್ಯಾನ್‌ಫ್ರಾನ್ಸಿಸ್ಕೋ ನಗರವನ್ನು ಮುಟ್ಟಿ, ಅಲ್ಲಿ ವೆಬ್‌ಸ್ಟರನ ನಿಘಂಟನ್ನು ಕೊಂಡು ತಂದನು. ೧೮೬೨ರಲ್ಲಿ ಯೂರೋಪಿಗೆ ಹೋದ ರಾಯಭಾರದಲ್ಲಿ ಅವನಿಗೆ ಭಾಷಾಂತರಕಾರನ ಪದವಿ ದೊರೆಯಿತು. ಫ್ರಾನ್ಸ್, ಇಂಗ್ಲೆಂಡ್, ಹಾಲೆಂಡ್, ಪ್ರಷ್ಯ, ರಷ್ಯ, ಪೋರ್ಚುಗಲ್ ದೇಶಗಳನ್ನು ಕಂಡನು. ಸರ್ಕಾರ ಕೊಟ್ಟ ಹಣದಲ್ಲಿ ತಾಯಿಗೆ ಕಳುಹಿಸಿ ಉಳಿದುದರ ಬಹುಭಾಗವನ್ನು ಲಂಡನ್ನಿನಲ್ಲಿ ಇಂಗ್ಲಿಷ್ ಪುಸ್ತಕಗಳಿಗೆ ಸುರಿದನು. ೧೮೬೭ರಲ್ಲಿ ಮತ್ತೆ ಅಮೆರಿಕಕ್ಕೆ ಹೋಗಿ ಬಂದನು. ದೆಜಿಮಾದ ಹಿರಿಯ ದುಭಾಷಿಗಳು ಇನ್ನೂರು ವರ್ಷಗಳಲ್ಲಿ ಕಾಣದ ಹಾಲೆಂಡನ್ನು, ಭಾಷೆ ಕಲಿಯತೊಡಗಿ ಎಂಟು ವರ್ಷಗಳಾಗಿದ್ದ ಈ ಬಡ ಸಾಮುರಾಯಿ ಕಂಡನು.

ಇದನ್ನು ಕೇವಲ ವ್ಯಕ್ತಿಯ ಪ್ರತಿಭೆಯೆಂದು ಹೇಳಿ ಮುಗಿಸುವಂತಿಲ್ಲ. ಕಾನ್ರಿನ್ ಮಾರುವಿನಲ್ಲಿಯೇ ಇದ್ದ ನಕಹಾಮಾ ಮಂಜಿರೋ ಎಂಬವನ ಇಂಗ್ಲಿಷ್ ಫುಕುಜಾವನದಕ್ಕಿಂತ ಎಷ್ಟೋ ಮೇಲಿನದು. ಬೆಸ್ತರ ಹುಡುಗನಾದ ಅವನನ್ನು ೧೮೪೧ರಲ್ಲಿ, ದೋಣಿ ಒಡೆದು ನಿರ್ಜನ ದ್ವೀಪವನ್ನು ಸೇರಿದ್ದಾಗ, ಅಮೆರಿಕದ ತಿಮಿಂಗಿಲಬೇಟೆಯ ಹಡಗು ಕಾಪಾಡಿದ್ದಿತು. ಮ್ಯಾಸಚೂಸೆಟ್ಸಿನ ಶಾಲೆಯಲ್ಲಿ ಓದಿ ೧೮೫೧ರಲ್ಲಿ ಪ್ರಾಣಾಪಾಯವನ್ನು ಲೆಕ್ಕಿಸದೆ ಹಿಂದಿರುಗಿದ ಅವನಿಗೆ ಸಾಮುರಾಯಿ ಪದವಿಯೇನೋ ದೊರೆಯಿತು. ಆದರೆ ಪೆರಿಯೊಡನೆ ಮಾತುಕತೆ ನಡೆದಾಗ, ಅಮೆರಿಕದವರ ಪಕ್ಷಪಾತಿಯಾಗಿರಬಹುದೆಂಬ ಸಂಶಯದಿಂದ ಅವನನ್ನು ದೂರವಿಡಲಾಯಿತು. ಇನ್ನೊಬ್ಬ ನಾವಿಕ ಒತೊಕಿಚಿಯ ಕಥೆ ಇನ್ನೂ ಕರುಣಾಜನಕ. ೧೮೩೨ರಲ್ಲಿ ಬಿರುಗಾಳಿಗೆ ಸಿಕ್ಕಿ ಅಮೆರಿಕದ ಕರಾವಳಿಯನ್ನು ಸೇರಿದ ಅವನನ್ನು ೧೮೩೭ರಲ್ಲಿ ಮಾರಿಸನ್ ಎಂಬ ಹಡಗು ತಾಯ್ನಾಡಿಗೆ ತಂದಾಗ, ಜಪಾನಿನ ಫಿರಂಗಿಗಳು ಅದನ್ನು ಹೊಡೆದಟ್ಟಿದುವು. ಅವನು ಬ್ರಿಟಿಷರಿಗೆ ದುಭಾಷಿಯಾಗಿ ಜಪಾನಿನ ತೀರವನ್ನು ಮತ್ತೆ ಕಂಡನಾದರೂ ಅಲ್ಲಿ ನೆಲೆಸಲಿಲ್ಲ. ೧೮೬೨ರಲ್ಲಿ ರಾಯಭಾರದ ಹಡಗು ಸಿಂಗಪುರದಲ್ಲಿ ನಿಂತಾಗ ಅವನು ಬಂದು ಫುಕುಜಾವಾದಿಗಳನ್ನು ಕಂಡು ಮಾತನಾಡಿದನು. ಒಬ್ಬನು ಭಾಷೆಯ ಬಲದಿಂದ ಮನೆಯಿಂದ ಹೊರಟು ಮನೆಗೆ ಮರಳುವವನು. ಮತ್ತೊಬ್ಬನು ಭಾಷೆಯೊಂದನ್ನೇ ಉಳಿಸಿಕೊಂಡು ಮನೆಯನ್ನು ಕಳೆದುಕೊಂಡವನು. ಒತೊಕಿಚಿ ೧೮೬೭ರಲ್ಲಿ ಸಿಂಗಪುರದಲ್ಲಿಯೇ ತೀರಿಕೊಂಡನು. ಜಪಾನೀಯರು ಹೊರದೇಶಕ್ಕೆ ಹೋಗಬಾರದೆಂಬ ನಿಷೇಧವು ತೆಗೆಯಲ್ಪಟ್ಟುದು ಅದರ ಹಿಂದಿನ ವರ್ಷ, ೧೮೬೬ರಲ್ಲಿ.

ಪರಭಾಷೆ ತಂದೊಡ್ಡಿದ ಅಪಾಯವನ್ನೂ ಮರೆಯಬಾರದು. ವಿದೇಶೀಯರನ್ನು ಹೊರದೂಡಬೇಕೆಂಬ ಚಳವಳಿ ಆಗ ಉಗ್ರವಾಗಿದ್ದಿತು. ಹ್ಯೂಸ್ಕೆನ್ನನು ೧೮೬೧ರ ಜನವರಿಯಲ್ಲಿ ಎದೊ ನಗರದ ಬೀದಿಯಲ್ಲಿ ಕತ್ತಿಗೆ ಬಲಿಯಾದನು. ಫುಕುಜಾವನು ಹತ್ತಕ್ಕೂ ಹೆಚ್ಚು ವರ್ಷಗಳ ಕಾಲ ರಾತ್ರಿಯ ಹೊತ್ತು ಹೊರಗೆ ಹೋಗಲು ಅಂಜುತ್ತಿದ್ದನು.

ಸ್ತ್ರೀಯರ ವಿಷಯದಲ್ಲಿ ಬಾಗಿಲು ಇನ್ನೂ ಕಿರಿದು. ೧೮೭೧ರಲ್ಲಿ ಇವಾಕುರಾ ರಾಯಭಾರದೊಡನೆ ಐವರು ಬಾಲಕಿಯರನ್ನು ವಿದ್ಯಾಭ್ಯಾಸಕ್ಕಾಗಿ ಅಮೆರಿಕಕ್ಕೆ ಕಳುಹಿಸಲಾಯಿತು. ಅವರಲ್ಲಿ ಅತ್ಯಂತ ಕಿರಿಯಳಾದ ತ್ಸುದಾ ಉಮೆಕೊ ಆಗ ಆರು ವರ್ಷದವಳು. ೧೮೮೨ರಲ್ಲಿ ಹಿಂದಿರುಗಿದಾಗ ಆಕೆಗೆ ಇಂಗ್ಲಿಷ್ ತಾಯ್ನುಡಿಯಾಗಿದ್ದಿತು, ತಾಯ್ನುಡಿ ಮರೆತುಹೋಗಿದ್ದಿತು. ಕಳುಹಿಸಿದ ಸರ್ಕಾರವು ಆಕೆಗಾಗಿ ಯಾವ ಕೆಲಸವನ್ನೂ ಸಿದ್ಧಪಡಿಸಿರಲಿಲ್ಲ. ೧೮೮೫ರಲ್ಲಿ ಗಣ್ಯರ ಕನ್ಯಾಶಾಲೆಯೊಂದರಲ್ಲಿ ಉಪಾಧ್ಯಾಯಿನಿಯ ಸ್ಥಾನ ದೊರೆಯಿತು. ಮತ್ತೊಮ್ಮೆ ಅಮೆರಿಕಕ್ಕೆ ಹೋಗಿ ಉನ್ನತ ವ್ಯಾಸಂಗ ಮಾಡಿ ಬಂದು, ೧೯೦೦ರಲ್ಲಿ ಸ್ತ್ರೀಯರ ಇಂಗ್ಲಿಷ್ ವಿದ್ಯಾಲಯವನ್ನು ಆಕೆ ತಾನೇ ಸ್ಥಾಪಿಸಿದಳು. ಇದ್ದ ಬಾಗಿಲು ತೆರೆಯದಿದ್ದಾಗ ಇತರರಿಗಾಗಿ ಹೊಸ ಬಾಗಿಲನ್ನಿಡಿಸಿದ ಶ್ರೇಯಸ್ಸು ಆಕೆಯದು.

೭

ಮೇಲಿನ ಸಂಗತಿಗಳಿಂದ ವ್ಯಕ್ತವಾಗುವುದೇನು? ಭಾಷೆ ಬಲ್ಲವನಿಗೆ ಬಾಗಿಲು ತಾನಾಗಿ ತೆರೆಯುವುದಿಲ್ಲ. ರಾಜ್ಯದ ಕಟ್ಟಳೆ, ಕುಲ, ಲಿಂಗ, ಕಾಲಗತಿ ಇವೆಲ್ಲವೂ ಅದರ ಅಗುಳಿಯ ಮೇಲೆ ಕೈಯಿಟ್ಟಿರುತ್ತವೆ. ಇದು ಮೊದಲನೆಯದು. ಬಾಗಿಲು ತೆರೆದ ಗಳಿಗೆಯಲ್ಲಿ ಹೊರಟು ಬಹುದೂರ ಹೋದವನು ಭಾಷೆಯನ್ನು ಒಂದು ಕೆಲಸಕ್ಕೆ ತಕ್ಕಷ್ಟು ಕಲಿತವನಲ್ಲ, ಅದರ ಮೂಲಕ ಕಲಿಯುವುದನ್ನೇ ಕಲಿತವನು. ಇದು ಎರಡನೆಯದು. ನಾಗಸಾಕಿಯ ದುಭಾಷಿಗಳನ್ನು ಹಳಿಯುವುದು ಇಲ್ಲಿ ಉದ್ದೇಶವಲ್ಲ. ಅವರ ನಿಘಂಟುಗಳಿಲ್ಲದೆ ತೆಕಿಜುಕು ಇರುತ್ತಿರಲಿಲ್ಲ. ಹೊರಿ ತತ್ಸುನೊಸುಕೆಯೇ ೧೮೬೨ರಲ್ಲಿ ಮುದ್ರಿತವಾದ ಇಂಗ್ಲಿಷ್–ಜಪಾನೀ ನಿಘಂಟಿನ ಸಂಪಾದಕ. ಆದರೆ ವೃತ್ತಿಯು ಭಾಷೆಗೆ ಕಟ್ಟಿದ ಬೇಲಿಯೊಳಗೆ ಅವರಲ್ಲಿ ಬಹುಮಂದಿ ಉಳಿದರು.

ಮೂರನೆಯದು ನಮಗೆ ಇನ್ನೂ ಹತ್ತಿರದ್ದು. ಫುಕುಜಾವನು ಯೂರೋಪಿನಲ್ಲಿ ಕೇಳಿ ತಿಳಿದುದು ನಿಘಂಟಿನಲ್ಲಿ ಸಿಕ್ಕದ ವಿಷಯಗಳನ್ನು: ಆಸ್ಪತ್ರೆಗೆ ಹಣವೆಲ್ಲಿಂದ, ಅಂಚೆ ಹೇಗೆ ನಡೆಯುವುದು, ಬ್ಯಾಂಕೆಂದರೇನು, ಎದುರು ಪಕ್ಷದವರು ಜಗಳವಾಡಿಯೂ ಒಂದೇ ಮೇಜಿನಲ್ಲಿ ಊಟ ಮಾಡುವುದು ಹೇಗೆ. ಇವನ್ನೆಲ್ಲ ೧೮೬೬ರಿಂದ ‘ಸೇಯೋ ಜಿಜೋ’ ಎಂಬ ಪಾಶ್ಚಾತ್ಯರ ಸ್ಥಿತಿಗತಿಗಳ ಗ್ರಂಥದಲ್ಲಿ ಪ್ರಕಟಿಸಿದನು. ಅದರ ಮೊದಲ ಭಾಗದ ಒಂದೂವರೆ ಲಕ್ಷ ಪ್ರತಿಗಳಾದರೂ ಮಾರಾಟವಾದುವೆಂದು ಅವನದೇ ಲೆಕ್ಕ. ಪಂಡಿತರ ಶೈಲಿಯನ್ನು ಬಿಟ್ಟು, ಮನೆಗೆಲಸದ ಹೆಂಗಸಿಗೂ ತಿಳಿಯುವಂತೆ ಬರೆಯುವುದು ಅವನ ವ್ರತವಾಗಿದ್ದಿತು. ಪರಭಾಷೆಯಿಂದ ಅವನಿಗೆ ದೊರೆತ ಯಾತ್ರೆಯ ಋಣವನ್ನು ತೀರಿಸಿದುದು ತಾಯ್ನುಡಿಯಲ್ಲಿ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ೧೮೯೮ರಲ್ಲಿ ಹೋಗಿ ನೋಡಿದ ಜಪಾನು, ಇಂಥ ಭಾಷಾಂತರಗಳ ಮೇಲೆ ತನ್ನ ಶಾಲೆಗಳನ್ನು ಕಟ್ಟಿಕೊಂಡ ಜಪಾನು.

ಆದರೂ ಫುಕುಜಾವನನ್ನು ದೋಷರಹಿತನೆಂದು ಚಿತ್ರಿಸುವುದು ಚರಿತ್ರಕಾರನ ಧರ್ಮವಲ್ಲ. ೧೮೮೫ರಲ್ಲಿ ಅವನ ಪತ್ರಿಕೆಯಲ್ಲಿ ಹೆಸರಿಲ್ಲದೆ ಪ್ರಕಟವಾದ, ಸಾಮಾನ್ಯವಾಗಿ ಅವನದೇ ಎಂದು ಎಣಿಸಲ್ಪಡುವ ಲೇಖನವೊಂದು ಜಪಾನು ಏಷ್ಯದ ನೆರೆಹೊರೆಯವರ ಸಂಗವನ್ನು ತೊರೆಯಬೇಕೆಂದು ಸಾರಿತು. ಪರಭಾಷೆಯು ಕಣ್ಣನ್ನು ತೆರೆಸಬಹುದು. ಹೃದಯವನ್ನೂ ಅಷ್ಟೇ ವಿಶಾಲಗೊಳಿಸುವುದೆಂಬ ಭರವಸೆಯಿಲ್ಲ. ೧೯೮೪ರಲ್ಲಿ ಫುಕುಜಾವನ ಚಿತ್ರ ಜಪಾನಿನ ಹತ್ತುಸಾವಿರ ಯೆನ್ ನೋಟಿಗೆ ಏರಿತು. ೨೦೨೪ರ ಹೊಸ ನೋಟುಗಳಲ್ಲಿ ಅದು ಮರೆಯಾಗಿ, ಐದುಸಾವಿರ ಯೆನ್ ನೋಟಿಗೆ ತ್ಸುದಾ ಉಮೆಕೊ ಬಂದಿದ್ದಾಳೆ.

ಕೆಲಸ ಸಿಕ್ಕುವುದೇ ಎಂದು ಕೇಳುವ ನಮ್ಮ ವಿದ್ಯಾರ್ಥಿಗೆ ಅಧ್ಯಾಪಕನು ಏನು ಹೇಳಬೇಕು? ಸಿಕ್ಕಬಹುದು ಎಂದು ಧೈರ್ಯವಾಗಿ ಹೇಳಬಹುದು. ಆದರೆ ಇಂದು ಬೆಲೆಯಿರುವ ಭಾಷೆಗೆ ನಾಳೆಯೂ ಅದೇ ಬೆಲೆ ಇರುವುದೆಂದು ಹೇಳಲಾಗದು. ಕೆಲಸಕ್ಕೆ ಬೇಕಾದಷ್ಟೇ ಸಾಕೆಂದು ನಿಲ್ಲದೆ, ಆ ಭಾಷೆಯ ಒಂದು ಕಠಿನವಾದ ಗ್ರಂಥವನ್ನಾದರೂ ಮೊದಲಿನಿಂದ ಕಡೆಯವರೆಗೆ ಓದೆಂದು ಹೇಳಬೇಕು. ೧೯೪೬ರಲ್ಲಿ ಪ್ರಕಟವಾದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿನಂಥ ಕೆಲಸಗಳು ನಮ್ಮಲ್ಲಿಯೂ ನಡೆದಿವೆ. ಜರ್ಮನ್ನಿನಿಂದ, ಜಪಾನಿಯಿಂದ ನೇರವಾಗಿ ಕನ್ನಡಕ್ಕೆ ಬರಬೇಕಾದುದು ಇನ್ನೂ ಬಹಳವಿದೆ. ಹೋಗಿ ಬಂದವನು ಅದರಲ್ಲಿ ಒಂದು ಪಾಲನ್ನು ತಂದರೆ, ಅವನ ಪ್ರಯಾಣದ ಫಲವು ಊರಿನಲ್ಲಿ ಉಳಿದವರಿಗೂ ಸಲ್ಲುವುದು.